ಅಟ್ ಫಿಲ್ಮೋರ್ ಈಸ್ಟ್: ಇದು ಡುಯೇನ್ ಒಬ್ಬನದೇ ಆಲ್ಬಂ ಅಂತ ಯಾರು ಹೇಳಿದ್ದು?

ಬ್ಲೂಸ್ ರಾಕ್ ಹುಚ್ಚಿರುವ ನಾಲ್ಕು ಜನ ಒಂದು ಕಡೆ ಕೂತರೆ ಆಲ್ಮನ್ ಬ್ರದರ್ಸ್ ಬ್ಯಾಂಡಿನ ಲೈವ್ ಆಲ್ಬಂ ‘ಅಟ್ ಫಿಲ್ಮೋರ್ ಈಸ್ಟ್’ ಬಗ್ಗೆ ಜಗಳ ಆಗದೆ ಕಾಫಿ ಮುಗಿಯುವುದಿಲ್ಲ. ನಮ್ಮ ಗುಂಪಿನಲ್ಲಂತೂ ಇದು ಮಾಮೂಲಿ. ಒಬ್ಬನಿಗೆ ಇದು ಗಿಟಾರಿಸ್ಟ್ ಡುಯೇನ್ ಆಲ್ಮನ್ ಆಲ್ಬಂ, ಮಿಕ್ಕವರೆಲ್ಲ ಪಕ್ಕವಾದ್ಯ. ಇನ್ನೊಬ್ಬನ ಪ್ರಕಾರ ಇದಕ್ಕೆ ಅರ್ಧಕ್ಕರ್ಧ ಕತ್ತರಿ ಹಾಕಬೇಕಿತ್ತು. ಒಂದು ಹಾಡಿಗೆ 23 ನಿಮಿಷ ಯಾಕೆ ಬೇಕು ಅಂತ ಅವನ ತಕರಾರು. ಮೂರನೆಯವನು ಗಿಟಾರಿಸ್ಟ್ ಸ್ಟೀವಿ ರೇ ವಾನ್ ಭಕ್ತ. ಗಿಟಾರ್ ಆಲ್ಬಂ ಅಂದರೆ 1983ರ ‘ಟೆಕ್ಸಸ್ ಫ್ಲಡ್’, ಅದರ ಮುಂದೆ ಬೇರೆ ಮಾತೇ ಇಲ್ಲ ಅನ್ನುತ್ತಾನೆ. ನಾನು ಈ ಆಲ್ಬಮ್ಮನ್ನು ಮೊದಲು ಕ್ಯಾಸೆಟ್ಟಿನಲ್ಲಿ ಕೇಳಿದೆ, ಆಮೇಲೆ ಸಿಡಿ ಬಂತು, ಎಲ್‌ಪಿ ತಗೊಂಡೆ, ಈಗ ಫೋನಿನಲ್ಲೂ ಇದೆ. ಇಷ್ಟು ವರ್ಷ ಬಳಸಿದ ಮೇಲೆ ನಾನು ಕೊಡುವುದು 5ಕ್ಕೆ 4.5. ಆ ಅರ್ಧ ಅಂಕ ಎಲ್ಲಿ ಹೋಯಿತು ಅನ್ನುವುದನ್ನೂ ಹೇಳುತ್ತೇನೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಡುಯೇನ್ ಒಬ್ಬನ ಖಾತೆಗೆ ಬರೆದರೆ ಆಲ್ಬಮ್ಮಿಗೇ ಅನ್ಯಾಯ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಫಿಲ್ಮೋರ್ ಈಸ್ಟ್ ಅಂದರೆ ನ್ಯೂಯಾರ್ಕಿನ ಸೆಕೆಂಡ್ ಅವೆನ್ಯೂದಲ್ಲಿ ಬಿಲ್ ಗ್ರಹಾಂ ನಡೆಸುತ್ತಿದ್ದ ಥಿಯೇಟರ್. 1971ರ ಮಾರ್ಚ್ 12 ಮತ್ತು 13ರಂದು ಆಲ್ಮನ್ ಬ್ರದರ್ಸ್ ಬ್ಯಾಂಡ್ ಅಲ್ಲಿ ನುಡಿಸಿದ್ದರಿಂದ 7 ಹಾಡು ಆರಿಸಿ, 2 ಎಲ್‌ಪಿ ಮಾಡಿ, ಜುಲೈ ತಿಂಗಳಲ್ಲಿ ಬಿಟ್ಟರು. ಅಷ್ಟೊತ್ತಿಗೆ ಆ ಥಿಯೇಟರೇ ಬಾಗಿಲು ಹಾಕಿತ್ತು. ಆ ಮಾರ್ಚಿನಲ್ಲಿ ಇವರದು ಅಂಥ ದೊಡ್ಡ ಹೆಸರೇನಲ್ಲ. ಹೊರಗಿನ ಬೋರ್ಡಿನಲ್ಲಿ ಮೊದಲು ಜಾನಿ ವಿಂಟರ್, ಆಮೇಲೆ ಎಲ್ವಿನ್ ಬಿಷಪ್. ಇವರು ಕೊನೆಯಲ್ಲಿ, ‘ಹೆಚ್ಚುವರಿ ಆಕರ್ಷಣೆ’ ಅಂತ. ಅದಕ್ಕೂ ಮೊದಲು ಬಂದ ಎರಡು ಸ್ಟುಡಿಯೋ ಆಲ್ಬಮ್ಮುಗಳು ಅಷ್ಟೇನೂ ಓಡಿರಲಿಲ್ಲ. ಅಂದಹಾಗೆ, ಕವರಿನ ಮೇಲೆ ಇಟ್ಟಿಗೆ ಗೋಡೆ ಮುಂದೆ ಎಲ್ಲರೂ ಹಲ್ಲು ಬಿಟ್ಟು ನಗುತ್ತಿರುವ ಫೋಟೊ ನ್ಯೂಯಾರ್ಕಿನದ್ದಲ್ಲ. ಅದು ಬ್ಯಾಂಡಿನ ಊರಾದ ಜಾರ್ಜಿಯಾದ ಮೇಕನ್‌ನಲ್ಲಿ ಜಿಮ್ ಮಾರ್ಷಲ್ ತೆಗೆದದ್ದು. ಹಿಂದಿನ ಕವರಿನಲ್ಲಿ ಬಿಯರ್ ಹಿಡಿದು ಕೂತವರು ಬ್ಯಾಂಡಿನ ಸಾಮಾನು ಹೊರುವ ಹುಡುಗರು. ಕೆಲಸದವರಿಗೂ ಕವರಿನ ಮೇಲೆ ಜಾಗ ಕೊಟ್ಟ ಬ್ಯಾಂಡ್ ಅಂತ ನನಗೆ ಇವರ ಮೇಲೆ ಸ್ವಲ್ಪ ಪ್ರೀತಿ ಜಾಸ್ತಿ.

ಈಗ ಡುಯೇನ್ ವಿಷಯಕ್ಕೆ ಬರೋಣ. ಅವನು ದೊಡ್ಡ ಗಿಟಾರಿಸ್ಟ್, ಅದರಲ್ಲಿ ಎರಡು ಮಾತಿಲ್ಲ. ಮೊದಲ ಹಾಡು ‘ಸ್ಟೇಟ್ಸ್‌ಬರೋ ಬ್ಲೂಸ್’ ಶುರುವಾಗುವುದೇ ಅವನ ಸ್ಲೈಡಿನಿಂದ, ಅಂದರೆ ಬೆರಳಿಗೆ ಕೊಳವೆ ಹಾಕಿಕೊಂಡು ತಂತಿಯ ಮೇಲೆ ಜಾರಿಸಿ ನುಡಿಸುವ ವರಸೆಯಿಂದ. ಇದು ಬ್ಲೈಂಡ್ ವಿಲ್ಲಿ ಮೆಕ್‌ಟೆಲ್ 1928ರಲ್ಲಿ ಹಾಡಿದ ಹಾಡು. ಡುಯೇನ್‌ಗೆ ದಾರಿ ತೋರಿಸಿದ್ದು ತಾಜ್ ಮಹಲ್ ಎಂಬ ಗಾಯಕನ 1968ರ ಆವೃತ್ತಿ, ಅದರಲ್ಲಿ ಜೆಸ್ಸಿ ಎಡ್ ಡೇವಿಸ್ ನುಡಿಸಿದ ಸ್ಲೈಡ್. ತಮ್ಮ ಗ್ರೆಗ್ (ಬ್ಯಾಂಡಿನ ಗಾಯಕ, ಆರ್ಗನ್ ನುಡಿಸುವವನೂ ಅವನೇ) ಹೇಳುತ್ತಿದ್ದ ಕತೆ ಪ್ರಕಾರ, ಅಣ್ಣನ ಹುಟ್ಟುಹಬ್ಬಕ್ಕೆ ಆ ರೆಕಾರ್ಡನ್ನೂ, ಅವನಿಗೆ ನೆಗಡಿ ಅಂತ ಕೊರಿಸಿಡಿನ್ ಮಾತ್ರೆಯ ಬಾಟಲಿಯನ್ನೂ ಕೊಟ್ಟು ಬಂದನಂತೆ. ಅಣ್ಣ ಮಾತ್ರೆ ಸುರಿದು, ಲೇಬಲ್ ತೊಳೆದು, ಆ ಗಾಜಿನ ಬಾಟಲಿಯನ್ನೇ ಉಂಗುರ ಬೆರಳಿಗೆ ಹಾಕಿಕೊಂಡ. ಮುಂದೆ ಎಷ್ಟೋ ಗಿಟಾರಿಸ್ಟರು ಅದೇ ಬಾಟಲಿ ಹುಡುಕಿಕೊಂಡು ಹೋದರು.

ಆದರೆ ಗಮನಿಸಿ ನೋಡಿ, ಸ್ಲೈಡ್ ಇರುವುದು ಮೊದಲ ಎರಡು ಹಾಡಿನಲ್ಲಿ ಮಾತ್ರ. ‘ಸ್ಟೇಟ್ಸ್‌ಬರೋ ಬ್ಲೂಸ್’, ಆಮೇಲೆ ಎಲ್ಮೋರ್ ಜೇಮ್ಸ್‌ನ ‘ಡನ್ ಸಮ್‌ಬಡಿ ರಾಂಗ್’. ಎರಡೂ ಸೇರಿ 10 ನಿಮಿಷವೂ ಇಲ್ಲ. ಸ್ಲೈಡ್ ಕೇಳಬೇಕು ಅಂತ ಬಂದವರಿಗೆ ಉಳಿದ ಒಂದು ಗಂಟೆಗೂ ಮೀರಿದ ಸಂಗೀತದಲ್ಲಿ ಬೇರೆಯದೇ ಸಿಗುತ್ತದೆ. ಅಲ್ಲಿ ಎರಡು ಗಿಟಾರುಗಳು, ಎರಡು ಡ್ರಮ್ ಸೆಟ್ಟುಗಳು, ಒಂದು ಹ್ಯಾಮಂಡ್ ಆರ್ಗನ್, ಒಂದು ಬೇಸ್ ಒಂದನ್ನೊಂದು ಕೇಳಿಸಿಕೊಂಡು ನುಡಿಯುತ್ತವೆ. ಕೇಳಿಸಿಕೊಳ್ಳುವುದೇ ಈ ಬ್ಯಾಂಡಿನ ಬಂಡವಾಳ. ಹಾಗಿದ್ದ ಮೇಲೆ ಕ್ರೆಡಿಟ್ ಒಬ್ಬನಿಗೆ ಹೇಗೆ ಕೊಡುವುದು?

ಬ್ಯಾಂಡಿನ ಇನ್ನೊಬ್ಬ ಗಿಟಾರಿಸ್ಟ್ ಡಿಕಿ ಬೆಟ್ಸ್ ಬಗ್ಗೆ ಜನ ಕಡಿಮೆ ಮಾತಾಡುವುದಕ್ಕೆ ಕಾರಣ ಗೊತ್ತಿದೆ. ಡುಯೇನ್ ಅದೇ ವರ್ಷ ಅಕ್ಟೋಬರ್ 29ಕ್ಕೆ ಮೇಕನ್‌ನಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡ. ವಯಸ್ಸು 24. ಆಲ್ಬಮ್ಮಿಗೆ ಗೋಲ್ಡ್ ರೆಕಾರ್ಡ್ ಬಂದು ನಾಲ್ಕು ದಿನ ಆಗಿತ್ತು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಹೋದವರ ಸುತ್ತ ಕತೆ ಬೆಳೆಯುತ್ತದೆ. ಡಿಕಿ 2024ರವರೆಗೂ ಬದುಕಿದ್ದ, ಜಗಳ ಆಡಿದ, ಬ್ಯಾಂಡ್ ಬಿಟ್ಟ. ಬದುಕಿ ಉಳಿದವನಿಗೆ ಯಾರು ಗುಡಿ ಕಟ್ಟುತ್ತಾರೆ?

ಅನುಮಾನ ಇದ್ದರೆ ‘ಇನ್ ಮೆಮೊರಿ ಆಫ್ ಎಲಿಜಬೆತ್ ರೀಡ್’ ಹಾಕಿ. ಹಾಡು ಡಿಕಿಯದ್ದು. ಮಾತಿಲ್ಲ, ಬರೀ ವಾದ್ಯ. ಹೆಸರು ಮೇಕನ್‌ನ ರೋಸ್ ಹಿಲ್ ಸ್ಮಶಾನದ ಒಂದು ಸಮಾಧಿ ಕಲ್ಲಿನ ಮೇಲಿಂದ ಎತ್ತಿಕೊಂಡದ್ದು. ಶುರುವಿನಲ್ಲಿ ಬರುವ ಸದ್ದು ಗಿಟಾರ್ ಅನ್ನಿಸುವುದೇ ಇಲ್ಲ, ಪಿಟೀಲಿನ ಹಾಗಿದೆ. ಡಿಕಿ ವಾಲ್ಯೂಮ್ ಸೊನ್ನೆಗಿಟ್ಟು ತಂತಿ ಮೀಟುತ್ತಾನೆ, ಆಮೇಲೆ ಕಿರುಬೆರಳಿನಲ್ಲಿ ಆ ನಾಬ್ ಮೆಲ್ಲಗೆ ತಿರುಗಿಸುತ್ತಾನೆ. ಮೀಟಿದ ಏಟು ಕೇಳುವುದಿಲ್ಲ, ಸ್ವರ ಮಾತ್ರ ಉಬ್ಬಿ ಬರುತ್ತದೆ. ಅದಾದ ಮೇಲೆ ಮುಖ್ಯ ರಾಗ, ಅದರ ಪಕ್ಕಕ್ಕೆ ಡುಯೇನ್ ಬೇರೆ ಸ್ವರದಲ್ಲಿ ಸೇರಿಕೊಳ್ಳುವುದು, ಎರಡೂ ಗಿಟಾರ್ ಕೈ ಹಿಡಿದುಕೊಂಡು ಓಡುವುದು. ಮೊದಲ ಸೋಲೋ ಡಿಕಿಯದ್ದು. ಅವಸರ ಇಲ್ಲ. ಒಂದು ಸಾಲು ಹೇಳುತ್ತಾನೆ, ಅದನ್ನೇ ಸ್ವಲ್ಪ ತಿರುಗಿಸಿ ಮತ್ತೆ ಹೇಳುತ್ತಾನೆ. ಮಧ್ಯೆ ಗ್ರೆಗ್ ಆರ್ಗನ್. ಆಮೇಲೆ ಡುಯೇನ್ ಬರುತ್ತಾನೆ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾನೆ, ಇನ್ನೇನು ಮುಗಿಯಿತು ಅನ್ನುವಾಗ ಇಳಿದು, ಮತ್ತೆ ಮೊದಲಿಗಿಂತ ಮೇಲಕ್ಕೆ ಹೋಗುತ್ತಾನೆ. ಆ ಏರಿಕೆಗೆ ನೆಲ ಹದ ಮಾಡಿಟ್ಟವನು ಡಿಕಿ. ಮೊದಲಿನ ಸೋಲೋ ಬಿಟ್ಟು ಡುಯೇನ್ ಭಾಗ ಮಾತ್ರ ಹಾಕಿ ಕೇಳಿ, ಅರ್ಧ ಬಲ ಹೋಗಿಬಿಡುತ್ತದೆ.

ಇವರು ಆ ದಿನಗಳಲ್ಲಿ ಜಾಝ್ ದಿಗ್ಗಜರಾದ ಮೈಲ್ಸ್ ಡೇವಿಸ್, ಜಾನ್ ಕೋಲ್ಟ್ರೇನ್ ರೆಕಾರ್ಡುಗಳನ್ನು ಸವೆಯುವಷ್ಟು ಕೇಳುತ್ತಿದ್ದರು. ಆ ರುಚಿ ಹತ್ತಿಸಿದವನು ಡ್ರಮ್ಮರ್ ಜೈಮೋ. ಸೋಲ್ ಗಾಯಕ ಓಟಿಸ್ ರೆಡ್ಡಿಂಗ್ ಜೊತೆ ನುಡಿಸಿ ಬಂದವನು, ಮನಸ್ಸೆಲ್ಲ ಜಾಝ್‌ನಲ್ಲಿ. ಪದೇ ಪದೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಬದಲಿಸುವ ಬದಲು ಒಂದೇ ನೆಲೆಯ ಮೇಲೆ ನಿಂತು ಸ್ವರ ಬೆಳೆಸುವ ಅಭ್ಯಾಸ ಇವರಿಗೆ ಬಂದದ್ದು ಅಲ್ಲಿಂದ. ತಂಬೂರಿ ಶ್ರುತಿಯ ಮೇಲೆ ಆಲಾಪನೆ ಕೇಳಿ ಬೆಳೆದ ಕಿವಿಗೆ ಈ ಹಾಡು ಬೇಗ ಹಿಡಿಸುತ್ತದೆ. ರಾಕ್ ಅಂದರೆ ಮೂಗು ಮುರಿಯುವ ನಮ್ಮ ಮಾವ ಕೂಡ ಇದೊಂದನ್ನು ಪೂರ್ತಿ ಕೂತು ಕೇಳಿದರು.

‘ವಿಪ್ಪಿಂಗ್ ಪೋಸ್ಟ್’ ಬಗ್ಗೆಯೂ ಹೇಳಲೇಬೇಕು. 1969ರ ಮೊದಲ ಆಲ್ಬಮ್ಮಿನಲ್ಲಿ ಐದು ನಿಮಿಷದಷ್ಟಿದ್ದ ಹಾಡು ಇಲ್ಲಿ 23 ನಿಮಿಷ. ಶುರು ಮಾಡುವುದು ಗಿಟಾರ್ ಅಲ್ಲ, ಬೆರಿ ಓಕ್ಲಿಯ ಬೇಸ್. ಗುರುಗುಟ್ಟುತ್ತಾ ಬರುತ್ತದೆ. ತಾಳ ಹಾಕಲು ಹೋದವರು ಇಲ್ಲೇ ಬೀಳುತ್ತಾರೆ, ಯಾಕೆಂದರೆ ಪೀಠಿಕೆ ಇರುವುದು 11 ಎಣಿಕೆಯಲ್ಲಿ. ನಮ್ಮ ಗುಂಪಿನಲ್ಲಿ ಮೃದಂಗ ಕಲಿತ ಒಬ್ಬರಿದ್ದಾರೆ. ಅವರು ಎರಡನೇ ಸುತ್ತಿಗೇ ತೊಡೆ ತಟ್ಟಿ ‘ತಕಿಟ ತಕಿಟ ತಕಿಟ ತಕ’ ಅಂದರು. ಅಷ್ಟೇ ಲೆಕ್ಕ. ಮೂರು ಮೂರು ಮೂರು, ಕೊನೆಗೆ ಎರಡು. ಹಾಡು ಬರೆದ ಗ್ರೆಗ್‌ಗೂ ಅದು 11 ಅಂತ ಗೊತ್ತಿರಲಿಲ್ಲವಂತೆ. ಮೂರು ಸಲ ಮೂರು, ಆಮೇಲೆ ಮುಂದಕ್ಕೆ ಹಾರಲು ಎರಡು ಅಂತ ಅಂದುಕೊಂಡಿದ್ದನಂತೆ. ಒಮ್ಮೆ ಈ ಲೆಕ್ಕ ಕೈಗೆ ಹತ್ತಿದರೆ ಹಾಡು ಉದ್ದ ಅನ್ನಿಸುವುದು ನಿಂತುಹೋಗುತ್ತದೆ.

ಕೊನೆಯ ಏಳೆಂಟು ನಿಮಿಷದಲ್ಲಿ ಲಯ ಪೂರ್ತಿ ಕರಗಿ, ಎಲ್ಲರೂ ಪಿಸುಮಾತಿಗೆ ಇಳಿದು, ಮತ್ತೆ ಕಟ್ಟಿಕೊಂಡು ಬರುತ್ತಾರೆ. ಇದಕ್ಕೆ ಧೈರ್ಯ ಬೇಕು. ರಾಕ್ ಕೇಳಲು ದುಡ್ಡು ಕೊಟ್ಟು ಬಂದವರ ಮುಂದೆ ಅಷ್ಟು ಮೆಲ್ಲಗೆ ನುಡಿಸುವುದು ಸುಮ್ನೆ ಮಾತಲ್ಲ. ಇಷ್ಟಾದರೂ ಹಾಡು ನಿಲ್ಲುವುದಿಲ್ಲ. ಚಪ್ಪಾಳೆ ನಡುವೆ ಮುಂದಿನ ಹಾಡಿನ ಮೊದಲ ಸ್ವರಗಳು ಶುರುವಾಗಿ, ಹಾಗೇ ಸದ್ದು ಇಳಿದುಹೋಗುತ್ತದೆ. ಅದು ‘ಮೌಂಟನ್ ಜಾಮ್’. ಅರ್ಧ ಗಂಟೆ ಮೀರುವ ಆ ಹಾಡು 1972ರಲ್ಲಿ ಬಂದ ಇವರ ‘ಈಟ್ ಎ ಪೀಚ್’ ಆಲ್ಬಮ್ಮಿನಲ್ಲಿದೆ.

ಇನ್ನು ಅರ್ಧ ಅಂಕದ ಕತೆ. ‘ಯು ಡೋಂಟ್ ಲವ್ ಮಿ’ 19 ನಿಮಿಷ ಚಿಲ್ಲರೆ, ಎಲ್‌ಪಿಯ ಒಂದು ಮಗ್ಗುಲು ಪೂರ್ತಿ ಇದೇ. ಮೊದಲ ಏಳು ನಿಮಿಷ ಚೆನ್ನಾಗಿ ಓಡುತ್ತದೆ. ಆಮೇಲೆ ಎಲ್ಲರೂ ನಿಲ್ಲಿಸಿ ಡುಯೇನ್ ಒಬ್ಬನೇ ನುಡಿಸುತ್ತಾನೆ. ಅಲ್ಲಿ ಒಂದೆರಡು ಕಡೆ ಅದ್ಭುತ, ಒಂದೆರಡು ಕಡೆ ಮುಂದೇನು ಅಂತ ಅವನೇ ಹುಡುಕುತ್ತಿದ್ದಾನೆ ಅನ್ನಿಸುತ್ತದೆ. ಸಭೆಯಲ್ಲಿ ಯಾರೋ ‘ರಾತ್ರಿಯಿಡೀ ನುಡಿಸಿ’ ಅಂತ ಕೂಗುವುದು ಕೇಳುತ್ತದೆ. ನಮ್ಮ ಮನೆಯಲ್ಲಿ ಅದೇ ಹೊತ್ತಿಗೆ ಅಡುಗೆಮನೆಯಿಂದ ‘ಇನ್ನೂ ಅದೇ ಹಾಡಾ ರೀ?’ ಅಂತ ಬರುತ್ತದೆ. ಇಬ್ಬರದೂ ಸರಿಯೇ. ಕೊನೆಯಲ್ಲಿ ಡುಯೇನ್ ‘ಜಾಯ್ ಟು ದಿ ವರ್ಲ್ಡ್’ ಎಂಬ ಕ್ರಿಸ್ಮಸ್ ಹಾಡಿನ ಒಂದು ಎಳೆ ತಂದು ಮುಗಿಸುತ್ತಾನೆ. ಆ ತುಂಟತನಕ್ಕಾಗಿ ಮಧ್ಯದ ಜಾಳನ್ನು ಮನ್ನಿಸಬಹುದು, ಆದರೆ ಜಾಳು ಇರುವುದಂತೂ ನಿಜ. ಕತ್ತರಿ ಹಾಕಬೇಕು ಅನ್ನುವ ಗೆಳೆಯನಿಗೆ ನಾನು ಬಿಟ್ಟುಕೊಡುವುದು ಇಷ್ಟನ್ನೇ.

ಕತ್ತರಿ ಆಡಿದ್ದು ಬೇರೆ ಕಡೆ. ‘ಸ್ಟಾರ್ಮಿ ಮಂಡೆ’ಯಲ್ಲಿ ಥಾಮ್ ಡೂಸೆಟ್‌ನ ಮೌತ್ ಆರ್ಗನ್ ಸೋಲೋ ಇತ್ತು, ಅದನ್ನು ತೆಗೆದುಬಿಟ್ಟರು. 1992ರಲ್ಲಿ ‘ದಿ ಫಿಲ್ಮೋರ್ ಕಾನ್ಸರ್ಟ್ಸ್’ ಅಂತ ಬಂದ ಆವೃತ್ತಿಯಲ್ಲಿ ಅದು ವಾಪಸ್ ಬಂತು. ಎರಡನ್ನೂ ಕೇಳಿದ ಮೇಲೆ ನನಗೆ ಕತ್ತರಿಸಿದ್ದೇ ಇಷ್ಟ. ಸೋಲೋ ಕೆಟ್ಟದ್ದೇನಲ್ಲ. ಆದರೆ ಅದಿಲ್ಲದೆ ಹಾಡು ಬಿಗಿಯಾಗಿದೆ.

ಆ ಬಿಗಿಗೆ ಕಾರಣ ಪ್ರೊಡ್ಯೂಸರ್ ಟಾಮ್ ಡೌಡ್. ಅಭಿಮಾನಿಗಳ ವಾದದಲ್ಲಿ ಇವರ ಹೆಸರು ಬರುವುದೇ ಇಲ್ಲ, ಅದು ನನಗೆ ಬೇಜಾರು. ರೆಕಾರ್ಡಿಂಗಿನ ಹೊತ್ತಿಗೆ ಬ್ಯಾಂಡ್ ಇದ್ದಕ್ಕಿದ್ದಂತೆ ಸ್ಯಾಕ್ಸೊಫೋನಿನವರನ್ನು ವೇದಿಕೆಗೆ ಹತ್ತಿಸಿತ್ತು. ಹೊರಗೆ ರೆಕಾರ್ಡಿಂಗ್ ವ್ಯಾನಿನಲ್ಲಿ ಕೂತಿದ್ದ ಡೌಡ್ ಗಾಬರಿಯಾಗಿ, ಅವರನ್ನು ಇಳಿಸಿ ಅಂತ ಪಟ್ಟು ಹಿಡಿದರು. ಪ್ರತಿ ರಾತ್ರಿ ಕಾರ್ಯಕ್ರಮ ಮುಗಿದ ಮೇಲೆ ಎಲ್ಲರನ್ನೂ ಅಟ್ಲಾಂಟಿಕ್ ಸ್ಟುಡಿಯೋಗೆ ಕರೆದುಕೊಂಡು ಹೋಗಿ ಟೇಪ್ ಕೇಳಿಸುತ್ತಿದ್ದರು. ಯಾವುದು ಬಂತು, ಯಾವುದನ್ನು ನಾಳೆ ಮತ್ತೆ ನುಡಿಸಬೇಕು ಅಂತ ಅಲ್ಲೇ ತೀರ್ಮಾನ. ಲೈವ್ ಆಲ್ಬಂ ಅಂದರೆ ಮೈಕ್ ಇಟ್ಟು ಬಂದರೆ ಆಯಿತು ಅಂದುಕೊಳ್ಳುವವರು ಇದನ್ನು ತಿಳಿಯಬೇಕು.

ಹಾಗಾಗಿಯೇ ಯಾವ ಆವೃತ್ತಿ ತಗೊಳ್ಳಲಿ ಅಂತ ಕೇಳಿದವರಿಗೆ ನಾನು ಹೇಳುವುದು ಹಳೆಯ 7 ಹಾಡಿನದ್ದು. 2003ರ ಡಿಲಕ್ಸ್ ಆವೃತ್ತಿಯಲ್ಲಿ ‘ಮೌಂಟನ್ ಜಾಮ್’ ಸೇರಿ 13 ಹಾಡಿವೆ. ಹುಚ್ಚು ಹಿಡಿದ ಮೇಲೆ ಅದಕ್ಕೆ ಹೋಗಿ. 2014ರಲ್ಲಿ ಬಂದ 6 ಸಿಡಿಯ ಪೆಟ್ಟಿಗೆಯಲ್ಲಿ ಒಂದೇ ಹಾಡು ಬೇರೆ ಬೇರೆ ಹೊತ್ತಿನಲ್ಲಿ ನುಡಿಸಿದ್ದು ಸಿಗುತ್ತದೆ. ಗಿಟಾರ್ ಕಲಿಯುವವರಿಗೆ ಅದು ಪಾಠ, ಬರೀ ಕೇಳುವವರಿಗೆ ಜಾಸ್ತಿ. ನಾನು ಅದನ್ನು ವರ್ಷಕ್ಕೊಮ್ಮೆ ತೆಗೆದರೆ ಹೆಚ್ಚು.

ಫೋನಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ. ಬೆರಿ ಓಕ್ಲಿ ಕಾಣೆಯಾಗುತ್ತಾನೆ, ಅವನಿಲ್ಲದೆ ಈ ಆಲ್ಬಂ ಬರೀ ಕಿರಿಕಿರಿ. ಹೆಡ್‌ಫೋನ್ ಹಾಕಿದರೆ ಒಂದು ಗಿಟಾರ್ ಒಂದು ಕಿವಿಗೆ, ಇನ್ನೊಂದು ಇನ್ನೊಂದಕ್ಕೆ ಬೀಳುತ್ತದೆ. ಯಾರು ಡುಯೇನ್, ಯಾರು ಡಿಕಿ ಅಂತ ಆಗ ತಾನಾಗಿ ಗೊತ್ತಾಗುತ್ತದೆ. ‘ಹಾಟ್ ಲಾಂಟಾ’ದ ಕೊನೆಯಲ್ಲಿ ಇನ್ನೊಬ್ಬ ಡ್ರಮ್ಮರ್ ಬುಚ್ ಟ್ರಕ್ಸ್ ಬಾರಿಸುವ ಟಿಂಪನಿ (ನಗಾರಿಯಂಥ ವಾದ್ಯ) ನನಗೆ ಸರಿಯಾಗಿ ಕೇಳಿಸಿದ್ದೇ ಒಳ್ಳೆಯ ಹೆಡ್‌ಫೋನ್ ತಗೊಂಡ ಮೇಲೆ.

ಎಲ್‌ಪಿ ತಗೊಳ್ಳುವವರಿಗೆ ಒಂದು ಎಚ್ಚರಿಕೆ. ನನಗೆ ಆನ್‌ಲೈನಿನಲ್ಲಿ ಬಂದ ಮರುಮುದ್ರಣದ ಎರಡನೇ ತಟ್ಟೆ ಅಂಚಿನಲ್ಲಿ ಡೊಂಕಾಗಿತ್ತು. ‘ವಿಪ್ಪಿಂಗ್ ಪೋಸ್ಟ್’ ಮಗ್ಗುಲು ಹಾಕಿದರೆ ಸೂಜಿ ಮೊದಲ ನಿಮಿಷದಲ್ಲೇ ಹಾರುತ್ತಿತ್ತು, 11ರ ಲೆಕ್ಕ 9ಕ್ಕೆ ಬಂದು ನಿಲ್ಲುತ್ತಿತ್ತು. ಬದಲಿಸಿ ಕೊಟ್ಟರು, ಆದರೆ ಓಡಾಡಿಸಿ. ಪಾರ್ಸೆಲ್ ಬಂದ ದಿನವೇ ನಾಲ್ಕೂ ಮಗ್ಗುಲು ಹಾಕಿ ನೋಡಿಬಿಡಿ. ಒಂದೂಕಾಲು ಗಂಟೆ ಮೇಲೆ ಹಿಡಿಯುತ್ತದೆ. ವಾಪಸ್ ಮಾಡುವ ಗಡುವು ಮುಗಿದ ಮೇಲೆ ಗೊತ್ತಾದರೆ ಏನೂ ಮಾಡಲು ಬರುವುದಿಲ್ಲ.