ಉದ್ದೇಶ ಪತ್ರವನ್ನು ಏಜೆಂಟರ ಕೈಗೆ ಕೊಡುವ ಮೊದಲು

ವಿದೇಶದಲ್ಲಿ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕಲು ಸಿದ್ಧರಾಗುತ್ತಿರುವ ಉಡುಪಿ, ಮಂಗಳೂರು ಕಡೆಯ ವಿದ್ಯಾರ್ಥಿಗಳೂ ಅವರ ತಂದೆತಾಯಿಯರೂ ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಅರ್ಜಿಯ ಜೊತೆಗೆ ಸಲ್ಲಿಸಬೇಕಾದ ಉದ್ದೇಶ ಪತ್ರವನ್ನು, ಅಂದರೆ ಆ ಕೋರ್ಸನ್ನು ಏಕೆ ಓದಬಯಸುತ್ತೇವೆ ಎಂದು ವಿವರಿಸುವ, ಎಲ್ಲರೂ ಎಸ್‌ಒಪಿ ಎಂದು ಕರೆಯುವ ಆ ಒಂದೆರಡು ಪುಟಗಳ ಬರಹವನ್ನು, ಮಂಗಳೂರಿನ ಒಂದು ಕನ್ಸಲ್ಟೆನ್ಸಿಯವರಿಂದ ಬರೆಸಿಕೊಂಡು ನಾನು ಇಡೀ ಒಂದು ವರ್ಷವನ್ನು ಕಳೆದುಕೊಂಡೆ.

ನಮ್ಮ ಮನೆ ಪಡುಕೆರೆಯಲ್ಲಿದೆ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ. ತಂದೆಯವರು ಮಲ್ಪೆ ಬಂದರಿನಲ್ಲಿ ಬೋಟುಗಳ ಲೆಕ್ಕ ಬರೆಯುತ್ತಾರೆ. ಸಿವಿಲ್ ಇಂಜಿನಿಯರಿಂಗ್ ಮುಗಿಸಿದ ಮೇಲೆ ಬ್ರಿಟನ್ನಿನಲ್ಲಿ ಕರಾವಳಿ ಇಂಜಿನಿಯರಿಂಗ್ ಓದಬೇಕೆಂಬ ಆಸೆಯಿಂದ ಕನ್ಸಲ್ಟೆನ್ಸಿಗೆ ಹೋದಾಗ, ಅಲ್ಲಿಯ ಕೌನ್ಸೆಲರ್ ‘ಎಸ್‌ಒಪಿ ಚಿಂತೆ ನಿಮಗೆ ಬೇಡ, ನಮ್ಮವರೇ ಬರೆಯುತ್ತಾರೆ, ನೀವು ಮಾರ್ಕ್ಸ್ ಕಾರ್ಡ್ ಕೊಟ್ಟರೆ ಸಾಕು’ ಎಂದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ, ಮನೆಗೆ ಹಣ ಬಾರದ ದಿನಗಳವು. ಆದರೂ ‘ಗೊತ್ತಿದ್ದವರೇ ಬರೆಯಲಿ ಮಗಾ’ ಎಂದು ತಂದೆಯವರು ಹದಿನೆಂಟು ಸಾವಿರ ರೂಪಾಯಿ ಕಟ್ಟಿದರು.

ನನ್ನಿಂದ ಅವರು ಪಡೆದ ಮಾಹಿತಿ ಎರಡು ಪುಟಗಳ ಒಂದು ಫಾರಂ ಮಾತ್ರ. ಅದರ ಹಿಂಬದಿಯಲ್ಲಿ ನಾನು ನನ್ನ ಕೊನೆಯ ವರ್ಷದ ಪ್ರಾಜೆಕ್ಟ್ ಬಗ್ಗೆ, ಮಳೆಗಾಲದ ಕಡಲ್ಕೊರೆತವನ್ನು ಮನೆಯ ಹತ್ತಿರವೇ ಅಳೆದದ್ದರ ಬಗ್ಗೆ, ಒಂದು ಪ್ಯಾರಾ ಬರೆದುಕೊಟ್ಟಿದ್ದೆ. ನಾಲ್ಕು ದಿನಗಳ ನಂತರ ಬಂದ ಉದ್ದೇಶ ಪತ್ರದಲ್ಲಿ ಆ ಪ್ಯಾರಾ ಇರಲಿಲ್ಲ. ‘ಚಿಕ್ಕಂದಿನಿಂದಲೂ ಸೇತುವೆಗಳನ್ನು ಕಂಡರೆ ನನಗೆ ಅಪಾರ ಕುತೂಹಲ’ ಎಂಬ ಅರ್ಥದ ವಾಕ್ಯದಿಂದ ಅದು ಆರಂಭವಾಗಿತ್ತು. ನಾನು ಕೇಳಿದ್ದಕ್ಕೆ, ಊರಿನ ಸಣ್ಣ ವಿಷಯಗಳನ್ನೆಲ್ಲ ಅಲ್ಲಿ ಬರೆಯಬಾರದು ಎಂಬ ಉತ್ತರ ಸಿಕ್ಕಿತು. ಅವರಿಗೆ ತಿಳಿದಿರುತ್ತದೆ ಎಂದು ನಂಬಿ ನಾನು ಸುಮ್ಮನಾದೆ. ಹಾಗೆ ಸುಮ್ಮನಾದದ್ದೇ ನನ್ನ ದೊಡ್ಡ ತಪ್ಪು.

ಇನ್ನೊಂದು ವಿಷಯವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇದರ ಅಪಾಯ ಮೊದಲಿಗೆ ಯಾರ ಗಮನಕ್ಕೂ ಬರುವುದಿಲ್ಲ. ಅರ್ಜಿಗಾಗಿ ಅವರು ನನ್ನ ಹೆಸರಿನಲ್ಲಿ ಒಂದು ಹೊಸ ಇಮೇಲ್ ಖಾತೆ ತೆರೆದು, ಅದರ ಪಾಸ್‌ವರ್ಡನ್ನು ತಮ್ಮಲ್ಲೇ ಇಟ್ಟುಕೊಂಡರು. ಒಂದು ವಿಶ್ವವಿದ್ಯಾಲಯವು ನನ್ನ ಪ್ರಾಜೆಕ್ಟ್ ಕುರಿತು ಒಂದು ಪುಟದ ವಿವರಣೆಯನ್ನು ಹತ್ತು ದಿನಗಳೊಳಗೆ ಕಳುಹಿಸುವಂತೆ ಆ ಖಾತೆಗೆ ಬರೆದಿತ್ತು. ಅದನ್ನು ಯಾರೂ ತೆರೆದು ನೋಡಲಿಲ್ಲ. ಗಡುವು ಮುಗಿದು ಮೂರು ವಾರಗಳಾದ ಮೇಲೆ, ನಾನು ಒತ್ತಾಯಿಸಿ ಪಾಸ್‌ವರ್ಡ್ ಪಡೆದಾಗಲಷ್ಟೇ ನನಗೆ ಆ ಪತ್ರ ಕಂಡಿತು.

ಎರಡನೆಯ ವಿಶ್ವವಿದ್ಯಾಲಯದವರು ಆನ್‌ಲೈನ್ ಸಂದರ್ಶನಕ್ಕೆ ಕರೆದರು. ನನ್ನ ಉದ್ದೇಶ ಪತ್ರವನ್ನು ಮುಂದಿಟ್ಟುಕೊಂಡಿದ್ದ ಪ್ರಾಧ್ಯಾಪಕರು, ಅದರಲ್ಲಿ ನಾನು ಮೆಚ್ಚಿಕೊಂಡಿರುವುದಾಗಿ ಬರೆದಿದ್ದ ಅವರದೇ ವಿಭಾಗದ ಒಂದು ಸಂಶೋಧನಾ ಲೇಖನದ ಬಗ್ಗೆ ಬಹಳ ಸೌಜನ್ಯದಿಂದ ಕೇಳಿದರು. ಆ ಲೇಖನವನ್ನು ನಾನು ಓದಿರಲೇ ಇಲ್ಲ. ತಡವರಿಸುತ್ತ ಏನೋ ಹೇಳಿದೆ. ಅವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು. ಎರಡು ವಾರಗಳಲ್ಲಿ ನಿರಾಕರಣೆಯ ಪತ್ರ ಬಂತು.

ಅದೇ ಕನ್ಸಲ್ಟೆನ್ಸಿಗೆ ಹೋಗಿದ್ದ ಕಾಲೇಜಿನ ಗೆಳತಿಯೊಬ್ಬಳ ಪತ್ರವನ್ನು ನನ್ನದರ ಪಕ್ಕದಲ್ಲಿಟ್ಟು ಓದಿದಾಗ ಸತ್ಯ ತಿಳಿಯಿತು. ಮೊದಲ ಹಾಗೂ ಕೊನೆಯ ಪ್ಯಾರಾಗಳು ಅಕ್ಷರಶಃ ಒಂದೇ ಆಗಿದ್ದವು. ಅವಳ ಪತ್ರದ ಒಂದು ಕಡೆ, ಅವಳು ಅರ್ಜಿಯನ್ನೇ ಹಾಕದ ವಿಶ್ವವಿದ್ಯಾಲಯದ ಹೆಸರು ಉಳಿದುಬಿಟ್ಟಿತ್ತು. ಇಂತಹ ನಕಲು ಹೊರಗೆ ಗೊತ್ತಾಗುವುದಿಲ್ಲ ಎಂದು ಯಾರೂ ಭಾವಿಸಬೇಡಿ. ಬ್ರಿಟನ್ನಿನ ಪದವಿ ಪ್ರವೇಶದ ಅರ್ಜಿಗಳನ್ನು ನಿರ್ವಹಿಸುವ ಯುಕಾಸ್ ಸಂಸ್ಥೆ 2007ರಲ್ಲಿ, ಅರ್ಜಿದಾರರು ತಮ್ಮ ಬಗ್ಗೆ ಬರೆದುಕೊಟ್ಟ ಸುಮಾರು 50,000 ಹೇಳಿಕೆಗಳನ್ನು ಪರಿಶೀಲಿಸಿದಾಗ, ಎಂಟನೆಯ ವಯಸ್ಸಿನಲ್ಲಿ ರಸಾಯನಶಾಸ್ತ್ರದ ಪ್ರಯೋಗ ಮಾಡಲು ಹೋಗಿ ಪೈಜಾಮಕ್ಕೆ ತೂತು ಸುಟ್ಟುಕೊಂಡ ಕಥೆ 234 ಮಂದಿಯ ಹೇಳಿಕೆಗಳಲ್ಲಿ ಸಿಕ್ಕಿತ್ತು. ಹೇಳಿಕೆಗಳ ನಡುವಿನ ಹೋಲಿಕೆಯನ್ನು ಹಿಡಿಯುವ ತಂತ್ರಾಂಶವನ್ನು ಆ ಸಂಸ್ಥೆ ಅಂದಿನಿಂದಲೂ ಬಳಸುತ್ತಿದೆ. ಸ್ನಾತಕೋತ್ತರ ಅರ್ಜಿಗಳು ಹೆಚ್ಚಾಗಿ ನೇರವಾಗಿ ವಿಶ್ವವಿದ್ಯಾಲಯಗಳಿಗೇ ಹೋಗುತ್ತವೆ, ಮತ್ತು ಅಲ್ಲಿ ಅವುಗಳನ್ನು ಓದುವವರು ಆಯಾ ವಿಷಯದ ಅಧ್ಯಾಪಕರೇ ಆಗಿರಬಹುದು. ಅಂಥವರಿಗೆ ಸೇತುವೆಯ ಕುತೂಹಲದ ವಾಕ್ಯ ಎಷ್ಟನೆಯ ಬಾರಿಗೆ ಎದುರಾಗಿರುತ್ತದೆಯೋ!

ಮರುವರ್ಷ ನಾನೇ ಬರೆಯಲು ಕುಳಿತೆ. ಮೊದಲು ಪ್ರತಿ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಏನು ಕೇಳಿದ್ದಾರೆ, ಎಷ್ಟು ಪದಗಳ ಮಿತಿ ಕೊಟ್ಟಿದ್ದಾರೆ ಎಂದು ನೋಡಿದೆ. ಇದು ಒಂದೊಂದು ಕಡೆ ಒಂದೊಂದು ರೀತಿ. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ಅಧ್ಯಯನದ ಉದ್ದೇಶಕ್ಕೆ ಒಂದು, ಬದುಕಿನ ಹಿನ್ನೆಲೆಗೆ ಮತ್ತೊಂದು ಎಂದು ಎರಡು ಬರಹಗಳನ್ನು ಬೇರೆಬೇರೆಯಾಗಿಯೇ ಕೇಳುತ್ತವೆ. ನಂತರ, ಕನ್ಸಲ್ಟೆನ್ಸಿಯವರು ಕಿತ್ತುಹಾಕಿದ್ದ ಆ ‘ಸಣ್ಣ ವಿಷಯ’ದಿಂದಲೇ ಆರಂಭಿಸಿದೆ. ಮನೆಯ ಎದುರಿನ ವಿದ್ಯುತ್ ಕಂಬಕ್ಕೆ ಕೆಂಪು ಬಣ್ಣದ ಗುರುತು ಹಾಕಿ, ಅಲ್ಲಿಂದ ದಂಡೆಯ ಅಂಚಿನವರೆಗೆ ನಾನು ಟೇಪು ಹಿಡಿದು ಅಳೆಯುತ್ತಿದ್ದೆ. ಮೇ ಕೊನೆಗೆ 41 ಮೀಟರ್ ಇದ್ದದ್ದು ಆಗಸ್ಟ್ ಕೊನೆಗೆ 23 ಮೀಟರಿಗೆ ಇಳಿದಿತ್ತು. ಕಲ್ಲಿನ ತಡೆಗೋಡೆಗೆ ಬಡಿದು ಹಿಂದಿರುಗುವ ಅಲೆಯು ಗೋಡೆಯ ಬುಡದ ಮರಳನ್ನು ಹೇಗೆ ಕೊರೆದೊಯ್ಯುತ್ತದೆ, ಗೋಡೆ ಮುಗಿಯುವಲ್ಲಿ ಕೊರೆತ ಏಕೆ ಹೆಚ್ಚುತ್ತದೆ ಎಂಬುದನ್ನು ನಾನು ಕಂಡಷ್ಟು ಬರೆದೆ. ಯಾವುದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲವೋ ಅದನ್ನು ಕಲಿಸುವ ಪಠ್ಯವಿಷಯ ಆ ಕೋರ್ಸಿನಲ್ಲಿ ಯಾವುದು ಎಂದು ಹೆಸರಿಸಿದೆ. ಕೊನೆಗೆ ತಂದೆಯವರಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳಿದೆ. ‘ಮರಳು ತಿರುಗಿ ಬರುವುದು ನವರಾತ್ರಿ ಕಳೆದ ಮೇಲೆ, ನೀನು ಬರೆದ ಹಾಗೆ ಸೆಪ್ಟೆಂಬರಿನಲ್ಲಿ ಅಲ್ಲ’ ಎಂದು ಅವರು ಒಂದು ತಪ್ಪನ್ನು ತಿದ್ದಿದರು. ಆ ಅರ್ಜಿಗೆ ಪ್ರವೇಶ ದೊರೆತಿದೆ.

ಕನ್ಸಲ್ಟೆನ್ಸಿಗಳು ವಿದ್ಯಾರ್ಥಿಗಳಿಂದ ಶುಲ್ಕ ಪಡೆಯುವುದಲ್ಲದೆ, ಒಪ್ಪಂದವಿರುವ ವಿಶ್ವವಿದ್ಯಾಲಯಗಳಿಂದ ಕಮಿಷನ್ ಕೂಡ ಪಡೆಯುವುದುಂಟು. ಅವರು ಕೊಡುವ ಪಟ್ಟಿಯನ್ನು ಇದನ್ನು ನೆನಪಿಟ್ಟುಕೊಂಡೇ ನೋಡಬೇಕು. ಈಗಾಗಲೇ ಹಣ ಕಟ್ಟಿರುವವರು ಇಂದೇ ನಿಮ್ಮ ಹೆಸರಿನ ಇಮೇಲ್ ಖಾತೆಯ ಪಾಸ್‌ವರ್ಡನ್ನು ಕೇಳಿ ಪಡೆದು ಬದಲಾಯಿಸಿಕೊಳ್ಳಿ, ಬಂದಿರುವ ಪತ್ರಗಳನ್ನೆಲ್ಲ ತೆರೆದು ಓದಿ, ಉದ್ದೇಶ ಪತ್ರ ಇನ್ನೂ ಸಲ್ಲಿಕೆಯಾಗಿರದಿದ್ದರೆ ನೀವು ಒಪ್ಪುವವರೆಗೆ ಸಲ್ಲಿಸಬಾರದೆಂದು ಅವರಿಗೆ ಲಿಖಿತವಾಗಿ ತಿಳಿಸಿ.