ಓಪಲ್ ಉಂಗುರವನ್ನು ನೀರಿನಲ್ಲಿ ನೆನೆಸಿಡುವ ಮೊದಲು

ಓಪಲ್ ಕಲ್ಲಿನ ಆಭರಣ ಇಟ್ಟುಕೊಂಡಿರುವವರು ಮತ್ತು ಕೊಳ್ಳಬೇಕೆಂದಿರುವವರು ದಯವಿಟ್ಟು ಇದನ್ನು ಓದಬೇಕು. ಬೆರಳು ಅಲುಗಿಸಿದಂತೆಲ್ಲ ಹಸಿರು, ನೀಲಿ, ಕಿತ್ತಳೆ ಬಣ್ಣಗಳು ಸರಿದಾಡುತ್ತಿದ್ದ ನನ್ನ ಉಂಗುರದ ಕಲ್ಲಿಗೆ ಈಗ ಅಂಚಿನಿಂದ ನಡುವಿನವರೆಗೂ ಬೂದು ಮಸುಕು ಹಬ್ಬಿದೆ.

ಓಪಲ್‌ನೊಳಗೆ ನೀರಿರುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ, ಆದ್ದರಿಂದ ಆಗಾಗ ರಾತ್ರಿಯಿಡೀ ನೆನೆಸಿಡಬೇಕು ಎಂದು ಮಾರಿದವರು ಹೇಳಿದ್ದರು. ಮಾತಿನ ಮೊದಲ ಭಾಗ ನಿಜವಾಗಿದ್ದರಿಂದಲೇ ಉಳಿದದ್ದನ್ನೂ ನಂಬಿದೆ. ಸಿಲಿಕಾ, ಅಂದರೆ ಮರಳಿನಲ್ಲಿರುವ ಮುಖ್ಯ ಖನಿಜಾಂಶ, ಕರಗಿದ ಅಂತರ್ಜಲವು ಬಂಡೆಯ ಬಿರುಕು, ಪೊಳ್ಳುಗಳಿಗೆ ಇಳಿದು, ನೀರು ಬಹು ನಿಧಾನವಾಗಿ ಕಡಿಮೆಯಾಗುತ್ತ ಹೋದಾಗ ಗಟ್ಟಿಯಾಗಿ ಉಳಿಯುವುದೇ ಓಪಲ್. ಸಾಮಾನ್ಯವಾಗಿ ಅದರ ತೂಕದಲ್ಲಿ ಶೇ. 3ರಿಂದ 10ರಷ್ಟು ನೀರಿರುತ್ತದೆ. ಸುಮಾರು 150ರಿಂದ 300 ನ್ಯಾನೋಮೀಟರ್ ವ್ಯಾಸದ ಸಿಲಿಕಾ ಗೋಲಗಳು ಒಪ್ಪವಾಗಿ ಪೇರಿಸಿದಂತೆ ಕೂತಲ್ಲಿ ಬೆಳಕು ವಿವರ್ತನೆಗೊಂಡು ಬಣ್ಣಗಳಾಗಿ ಬಿಡಿಬಿಡಿಯಾಗುತ್ತದೆ: ಚಿಕ್ಕ ಗೋಲಗಳಿದ್ದಲ್ಲಿ ನೀಲಿ, ದೊಡ್ಡವಿದ್ದಲ್ಲಿ ಕೆಂಪು. ಇಷ್ಟು ಸೊಗಸಾದ ರಚನೆಯ ಮೇಲಿನ ಮೋಹದಲ್ಲಿ ನಾನು ಕೇಳಲೇಬೇಕಿದ್ದ ಒಂದು ಪ್ರಶ್ನೆಯನ್ನು ಕೇಳಲಿಲ್ಲ.

ನನ್ನ ಕಲ್ಲು ಇಡಿಯಾದ ಓಪಲ್ ಆಗಿರಲಿಲ್ಲ. ಅದು ಟ್ರಿಪ್ಲೆಟ್, ಅಂದರೆ ಕಪ್ಪು ತಳಕ್ಕೆ ಓಪಲ್‌ನ ತೆಳು ಪದರವೊಂದನ್ನು ಅಂಟಿಸಿ ಮೇಲೆ ಪಾರದರ್ಶಕ ಗಾಜಿನ ಮುಚ್ಚಳ ಕೂರಿಸಿದ ಮೂರು ಪದರಗಳ ಜೋಡಣೆ. ಮುಚ್ಚಳವಿಲ್ಲದೆ ಎರಡೇ ಪದರಗಳಿದ್ದರೆ ಅದು ಡಬ್ಲೆಟ್. ಹೀಗೆಂದು ತಿಳಿಸಿ ಮಾರಿದರೆ ಅದರಲ್ಲಿ ತಪ್ಪೇನೂ ಇಲ್ಲ, ನನಗೆ ತಿಳಿಸಲಿಲ್ಲ ಎಂಬುದೇ ನನ್ನ ದೂರು. ಪದೇ ಪದೇ ನೆನೆಸಿದ್ದರಿಂದ ನೀರು ಅಂಚಿನಲ್ಲಿ ನುಸುಳಿ ಅಂಟನ್ನು ಕೆಡಿಸಿತು. ದುರಸ್ತಿಗೆಂದು ತೋರಿಸಿದಾಗ, ಪದರಗಳನ್ನು ಬಿಡಿಸಲು ಹೋದರೆ ನಡುವಿನ ಓಪಲ್ ಪುಡಿಯಾಗಬಹುದು ಎಂಬ ಉತ್ತರ ಬಂತು.

ಇಡಿಯಾದ ಕಲ್ಲಿಗೂ ಈ ನೆನೆಸುವಿಕೆ ಬೇಕಿಲ್ಲ. ಆಸ್ಟ್ರೇಲಿಯಾದ ಗಣಿಗಳ ಓಪಲ್ ಸಾಮಾನ್ಯವಾಗಿ ಹೊರಗಿನ ನೀರನ್ನು ಹೀರಿಕೊಳ್ಳುವುದೇ ಇಲ್ಲ. ಇಥಿಯೋಪಿಯಾದ ವೊಲೊ ಪ್ರದೇಶದ ಓಪಲ್ ಹೀರಿಕೊಂಡು ಬಣ್ಣದಾಟ ಕಳೆದುಕೊಳ್ಳಬಹುದು, ಒಣಗಿದ ಮೇಲೆ ಸಾಮಾನ್ಯವಾಗಿ ಅದು ಮರಳುತ್ತದೆ. ಎಣ್ಣೆ, ಬಣ್ಣದ ದ್ರವಗಳನ್ನೂ ಅದು ಹೀರುವುದರಿಂದ ಕಲೆ ಉಳಿಯುವ ಭಯವಿದೆ.

ಕೊಳ್ಳುವಾಗ ಕಲ್ಲನ್ನು ಪಕ್ಕದಿಂದ ನೋಡಿ. ಅಂಚಿನಲ್ಲಿ ನೇರವಾದ ಬೆಸುಗೆಯ ಗೆರೆ ಅಥವಾ ಬಣ್ಣವಿಲ್ಲದ ಗಾಜಿನಂಥ ಗುಮ್ಮಟ ಕಂಡರೆ ಅದು ಜೋಡಿಸಿದ ಕಲ್ಲೆಂದು ಶಂಕಿಸಬೇಕು. ಹಿಂಬದಿಯನ್ನೂ ಅಂಚನ್ನೂ ಲೋಹದಲ್ಲಿ ಪೂರ್ತಿ ಮುಚ್ಚಿದ್ದರೆ ಈ ಪರೀಕ್ಷೆ ಸಾಧ್ಯವಿಲ್ಲ. ಆಗ ಇಡಿಯೋ, ಡಬ್ಲೆಟ್ಟೋ, ಟ್ರಿಪ್ಲೆಟ್ಟೋ ಎಂಬುದನ್ನು ರಸೀತಿಯಲ್ಲೇ ಬರೆಸಿಕೊಳ್ಳಿ. ಅದು ಗೊತ್ತಾಗುವವರೆಗೆ ತೇವದ ಮೃದು ಬಟ್ಟೆಯಿಂದ ಒರೆಸುವುದಷ್ಟೇ ಸಾಕು.