ಕುಂಜಿಬೆಟ್ಟಿನ ದಿನಸಿ ಅಂಗಡಿ: ಕಷ್ಟಕಾಲದಲ್ಲಿ ನೋಡಿ ನಂಬಿದ್ದು

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಅಂತ ಟಿವಿಯಲ್ಲಿ ಹೇಳಿದಾಗ ನಮ್ಮ ಮನೆಯಲ್ಲಿ ಇದ್ದದ್ದು ಹತ್ತು ಕುಡ್ತೆ (ನಮ್ಮ ಕಡೆಯ ಸಣ್ಣ ಅಳತೆ) ಕುಚ್ಚಲಕ್ಕಿ, ಅರ್ಧ ಬಾಟಲಿ ತೆಂಗಿನೆಣ್ಣೆ ಅಷ್ಟೇ. ಆ್ಯಪ್‌ನಲ್ಲಿ ಹಾಕಿದ ಆರ್ಡರ್ ಮೂರು ದಿನ ಕಾಯಿಸಿ ಕ್ಯಾನ್ಸಲ್ ಆಯ್ತು. ಆಗ ಕೈ ಹಿಡಿದದ್ದು ಉಡುಪಿಯ ಕುಂಜಿಬೆಟ್ಟಿನ ಈ ಸಣ್ಣ ಅಂಗಡಿ. ಅಲ್ಲಿಂದ ಇವತ್ತಿನವರೆಗೂ ತಿಂಗಳ ಸಾಮಾನು ಇಲ್ಲಿಂದಲೇ.

ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿ, ಒಂದು ರಟ್ಟಿನ ಮೇಲೆ 'ಒಂದು ಮನೆಗೆ ಸಕ್ಕರೆ 2 ಕೆಜಿ, ಎಣ್ಣೆ 2 ಲೀಟರ್' ಅಂತ ಬರೆದು ನೇತುಹಾಕಿದ್ದರು. ನನ್ನ ಮುಂದೆ ನಿಂತವರು ಐದು ಮೂಟೆ ಅಕ್ಕಿ ಕೇಳಿದರು. ಅಂಗಡಿಯವರು ಕೊಟ್ಟದ್ದು ಒಂದೇ. 'ನಿಮ್ಮ ಹಿಂದೆ ನಿಂತವರಿಗೂ ಊಟ ಆಗ್ಬೇಕಲ್ವಾ' ಅಂದರು, ಜೋರು ಮಾಡದೆ. ಬೆಲೆ ಒಂದು ರೂಪಾಯಿಯೂ ಏರಿಸಲಿಲ್ಲ. 2021ರಲ್ಲಿ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಅಂಗಡಿ ತೆರೆಯುವ ನಿಯಮ ಬಂತಲ್ಲ, ಆಗ ಹಿಂದಿನ ರಾತ್ರಿ ವಾಟ್ಸಾಪ್‌ನಲ್ಲಿ ಚೀಟಿ ಕಳಿಸಿದ್ರೆ ಬೆಳಿಗ್ಗೆ ಹೆಸರು ಬರೆದ ಚೀಲ ರೆಡಿ ಇರುತ್ತಿತ್ತು.

ಈಗ ನಮ್ಮ ಮನೆಯಲ್ಲಿ ಮೂರು ವಾರಕ್ಕೆ ಸಾಕಾಗುವಷ್ಟು ಸಾಮಾನು ಯಾವಾಗಲೂ ಇರುತ್ತದೆ. ಕುಚ್ಚಲಕ್ಕಿ, ಹುರುಳಿ, ಹೆಸರು, ಹುಣಸೆ, ಬೆಲ್ಲ. ಗ್ಯಾಸ್ ಮುಗಿದ ದಿನಕ್ಕೆ ಅವಲಕ್ಕಿ. ಹಳೇದು ಮೊದಲು ತೆಗೆದು, ಹೊಸದನ್ನು ಡಬ್ಬಿಯ ಹಿಂದೆ ಇಡುತ್ತೇವೆ. ಕುಚ್ಚಲಕ್ಕಿ ಬೇಯಲು ಗ್ಯಾಸ್ ಜಾಸ್ತಿ ಬೇಕು, ಹಾಗಾಗಿ ಒಂದು ಥರ್ಮಲ್ ಕುಕ್ಕರ್ ತಗೊಂಡೆವು, ಒಮ್ಮೆ ಕುದಿಸಿ ಒಳಗಿಟ್ಟರೆ ಅದರ ಪಾಡಿಗೆ ಬೇಯುತ್ತದೆ. ಅಜ್ಜಿ ಮಳೆಗಾಲಕ್ಕೆ ಮೊದಲೇ ಹಪ್ಪಳ, ಸಂಡಿಗೆ, ಭರಣಿ ತುಂಬ ಉಪ್ಪಿನ ಸೊಳೆ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನಕಾಯಿ ತೊಳೆ) ಮಾಡಿ ಇಡುತ್ತಿದ್ದರು. ನಾವು ಅದನ್ನು ಬಿಟ್ಟದ್ದೇ ತಪ್ಪು, ನಿಜವಾಗಿ ಹೇಳುತ್ತೇನೆ.

ನಮ್ಮ ಕರಾವಳಿಯ ತೇವಕ್ಕೆ ಏನಿಟ್ಟರೂ ಬೂಸ್ಟು. ಇದಕ್ಕೂ ಅಂಗಡಿಯವರೇ ದಾರಿ ಹೇಳಿದ್ದು: ಬ್ಯಾಡಗಿ ಮೆಣಸನ್ನು ಗಲಗಲ ಅನ್ನುವಷ್ಟು ಬಿಸಿಲಿಗೆ ಹಾಕಿ, ಪೂರ್ತಿ ತಣಿದ ಮೇಲೆ ಡಬ್ಬಿಗೆ ತುಂಬಬೇಕು. ಬಿಸಿ ಇರುವಾಗಲೇ ಮುಚ್ಚಿದ್ರೆ ಒಳಗೆ ಬೆವರುತ್ತದೆ. ಎರಡು ಮಳೆಗಾಲ ಹಾಗೇ ಮಾಡಿದೆ, ಒಂದು ಮೆಣಸೂ ಹಾಳಾಗಿಲ್ಲ.

ಕೊರತೆ ಇಲ್ಲ ಅಂತಲ್ಲ. ಒಮ್ಮೆ ಹುರುಳಿಯಲ್ಲಿ ಹುಳ ಬಂತು, ತಗೊಂಡು ಹೋದ ಕೂಡಲೇ ಬದಲಾಯಿಸಿ ಕೊಟ್ಟರು. ಮಸಾಲೆ ಪ್ಯಾಕೆಟಿನ ತಾರೀಕು ನೋಡಿಯೇ ತಗೊಳ್ಳಿ. ಕಾರು ನಿಲ್ಲಿಸಲು ಜಾಗವಿಲ್ಲ. ಒಳ್ಳೆಯ ಕುಚ್ಚಲಕ್ಕಿ ಸಂಜೆಯೊಳಗೆ ಖಾಲಿಯಾಗುತ್ತದೆ, ಬೆಳಿಗ್ಗೆಯೇ ಹೋಗಿ.